ಹಳೆಯ ಜಾವಾ ಹೇಳುವ ಚರಿತ್ರೆ



ಚರಿತ್ರೆಯ ಆಕರಗಳು ಎಂದೊಡನೆ ನಮಗೆ ಶಾಸನ, ನಾಣ್ಯ, ಓಲೆಗರಿಗಳು ನೆನಪಾಗುತ್ತವೆ. ಆದರೆ ಒಂದು ಕಾಲದ ಜನ ಬಳಸಿದ ಯಂತ್ರವೂ ಆ ಕಾಲದ ದಾಖಲೆಯೇ. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿ ಇಂದಿಗೂ ಆಗೊಮ್ಮೆ ಈಗೊಮ್ಮೆ ಜಾವಾ ಅಥವಾ ಯೆಜ್ಡಿ ಮೋಟಾರ್‌ಸೈಕಲ್ಲಿನ ಸದ್ದು ಕೇಳಿಬರುತ್ತದೆ. ಇವುಗಳನ್ನು ತಯಾರಿಸಿದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿತು. ಹಾಗಿದ್ದರೂ ಈ ಗಾಡಿಗಳು ಓಡುತ್ತಿರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಮನೆಗಳ ಅಂಗಳದಲ್ಲಿದೆ, ಮೆಕ್ಯಾನಿಕ್ಕುಗಳ ಕೈಯಲ್ಲಿದೆ.

ಮೊದಲು ಹಿನ್ನೆಲೆಯನ್ನು ನೋಡೋಣ. ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡನು. ಅವನ ಹೆಸರಿನ ಮೊದಲ ಅಕ್ಷರಗಳೂ ವಾಂಡರರ್‌ನ ಮೊದಲ ಅಕ್ಷರಗಳೂ ಕೂಡಿ 'ಜಾವಾ' ಆಯಿತು. ಸ್ವಾತಂತ್ರ್ಯಾನಂತರ ನಮ್ಮ ಸರ್ಕಾರ ಸ್ವದೇಶಿ ಕೈಗಾರಿಕೆಯ ಬೆಳವಣಿಗೆಗಾಗಿ ವಿದೇಶಿ ವಾಹನಗಳ ಆಮದನ್ನು ಬಿಗಿಗೊಳಿಸಿತು. ಮುಂಬಯಿಯಲ್ಲಿ 1928ರಿಂದ ಕಾರುಗಳನ್ನು ಜೋಡಿಸುತ್ತಿದ್ದ ಅಮೆರಿಕದ ಜನರಲ್ ಮೋಟಾರ್ಸ್ 1954ರಲ್ಲಿ ಆ ಕೆಲಸ ನಿಲ್ಲಿಸಿತು. ವಿದೇಶಿ ಜ್ಞಾನ ಬರಲಿ, ವಸ್ತು ಮಾತ್ರ ಇಲ್ಲಿಯೇ ತಯಾರಾಗಲಿ ಎಂಬುದು ಅಂದಿನ ನೀತಿ. ಅದರಂತೆ 1960ರಲ್ಲಿ ರುಸ್ತುಮ್ ಇರಾನಿ, ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಹುಟ್ಟಿತು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ, ಇರಾನಿನ ಯಜ್ದ್ ನಗರವನ್ನು ನೆನಪಿಸುವ 'ಯೆಜ್ಡಿ' ಬಂದಿತು. 1978ರ ರೋಡ್‌ಕಿಂಗ್ ಅವುಗಳಲ್ಲಿ ಹೆಸರುವಾಸಿ.

ಅದೇ ಕಾಲದ ಅಮೆರಿಕವನ್ನು ಹೋಲಿಸಿ ನೋಡಿ. 1964ರಲ್ಲಿ ಅಲ್ಲಿ ಪಾಂಟಿಯಾಕ್ ಜಿಟಿಓ ಎಂಬ ಕಾರು ಬಂದಿತು. ಸಾಧಾರಣ ಗಾತ್ರದ ಕಾರಿನೊಳಗೆ 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್. ಇಂಥವನ್ನು 'ಮಸಲ್ ಕಾರ್' ಎಂದು ಕರೆದರು. ಅವನ್ನು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಹೊಸದಾಗಿ ಕಟ್ಟುವುದು ಇಂದು ಅಲ್ಲಿ ದೊಡ್ಡ ಹವ್ಯಾಸ. ಹಳೆಯ ಮಾದರಿಗೆ ಹೊಂದುವ ವೈರಿಂಗ್ ಕಟ್ಟು ಸಹ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ನಮ್ಮ ಯುವಕರ ಪಾಲಿಗೆ ಬಂದದ್ದು 250 ಸಿಸಿಯ, ಒಂದೇ ಸಿಲಿಂಡರಿನ, ಎರಡು ಸೈಲೆನ್ಸರುಗಳ ಜಾವಾ. ಗಾತ್ರ ಚಿಕ್ಕದಾದರೂ ಅಭಿಮಾನ ಚಿಕ್ಕದಲ್ಲ.

ಈ ಅಭಿಮಾನಕ್ಕೆ ಪಶ್ಚಿಮ ಬೆಂಗಳೂರಿನಲ್ಲಿ ನೆಲೆ ಸಿಕ್ಕಿದ್ದು ಆಕಸ್ಮಿಕವೇನಲ್ಲ. ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾದ ಬಡಾವಣೆ. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರೇ ಅದಕ್ಕೆ ಬಂದಿತು. ಮೋಟಾರುಗಳನ್ನು ತಯಾರಿಸುವ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇಲ್ಲಿ ಬೆಳೆಯಿತು. ಸುತ್ತಮುತ್ತ ಲೇತು ಹಿಡಿದವರು, ವೆಲ್ಡಿಂಗ್ ಮಾಡುವವರು, ತಾಮ್ರದ ತಂತಿಯ ಕಾಯಿಲ್ ಸುತ್ತುವವರು ನೆಲೆಸಿದರು. ಹಗಲು ಕಾರ್ಖಾನೆಯಲ್ಲಿ ಕಲಿತ ಕೈಗೆ ಸಂಜೆ ಮನೆಯ ಮುಂದಿನ ಗಾಡಿಯನ್ನು ಬಿಚ್ಚುವುದು ಕಷ್ಟವಲ್ಲ. ಅದೂ ಅಲ್ಲದೆ, ಕೆಂಗೇರಿಯನ್ನು ಹಾದುಹೋಗುವ ರಸ್ತೆ ನೇರವಾಗಿ ಜಾವಾದ ತವರಾದ ಮೈಸೂರಿಗೇ ಸೇರುತ್ತದೆ.

ಹಳೆಯ ಗಾಡಿಯನ್ನು ಮತ್ತೆ ಕಟ್ಟುವುದೆಂದರೆ ಬಣ್ಣ ಬಳಿಯುವುದಷ್ಟೇ ಅಲ್ಲ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಬೇಕು, ಕ್ರ್ಯಾಂಕಿನ ಬೇರಿಂಗ್, ಸೀಲುಗಳನ್ನು ಬದಲಿಸಬೇಕು. ಇಷ್ಟೆಲ್ಲಾ ಆದರೂ ಅನೇಕರು ಸೋಲುವುದು ವೈರಿಂಗ್‌ನಲ್ಲಿ. ಹಳೆಯ ಜಾವಾದಲ್ಲಿ ಎಂಜಿನ್ ತಿರುಗಿದಾಗ ಡೈನಮೊ ವಿದ್ಯುತ್ತನ್ನು ಉತ್ಪಾದಿಸುತ್ತದೆ. ರೆಗ್ಯುಲೇಟರ್ ಅದನ್ನು ಹದ್ದಿನಲ್ಲಿಟ್ಟು ಬ್ಯಾಟರಿಗೆ ಕಳುಹಿಸುತ್ತದೆ. ಬ್ಯಾಟರಿಯಿಂದ ಇಗ್ನಿಷನ್ ಕಾಯಿಲ್, ಅಲ್ಲಿಂದ ಪ್ಲಗ್ಗಿಗೆ ಕಿಡಿ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಎಷ್ಟು ಕಿಕ್ ಹೊಡೆದರೂ ಕಿಡಿ ಹಾರದು. ಇನ್ನೊಂದು ಸೂಕ್ಷ್ಮವಿದೆ. ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವುದು ಗಾಡಿಯ ಕಬ್ಬಿಣದ ಚೌಕಟ್ಟಿನ ಮೂಲಕ. ಇದನ್ನೇ ಅರ್ಥ್ ಎನ್ನುತ್ತಾರೆ. ಚೌಕಟ್ಟಿಗೆ ಅಂದವಾಗಿ ಹೊಸ ಬಣ್ಣ ಹೊಡೆಸಿದಾಗ, ತಂತಿ ಕೂರುವ ಜಾಗವೂ ಬಣ್ಣದಿಂದ ಮುಚ್ಚಿಹೋಗಿ ದೀಪ ಹತ್ತುವುದಿಲ್ಲ. ಆ ಒಂದು ಬೊಟ್ಟಿನಷ್ಟು ಜಾಗದಲ್ಲಿ ಬಣ್ಣವನ್ನು ಕೆರೆದು ಲೋಹ ಕಾಣಿಸಲೇಬೇಕು.

ಹಳೆಯ ಜಾವಾಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ನೀವು ಭೌತಶಾಸ್ತ್ರದಲ್ಲಿ ಓದಿದ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. 36 ವಾಟಿನ ದೀಪ ಎಂದಿಟ್ಟುಕೊಂಡರೆ 6 ವೋಲ್ಟಿನಲ್ಲಿ ಅದಕ್ಕೆ 6 ಆಂಪಿಯರ್ ಬೇಕು, 12 ವೋಲ್ಟಿನಲ್ಲಿ 3 ಸಾಕು. ತುಕ್ಕು ಹಿಡಿದ ಒಂದು ಕೂಡಿಕೆಯ ಪ್ರತಿರೋಧ ಕೇವಲ 0.1 ಓಮ್ ಇದ್ದರೂ, 6 ವೋಲ್ಟಿನ ಗಾಡಿಯಲ್ಲಿ ಸುಮಾರು 0.6 ವೋಲ್ಟ್, ಎಂದರೆ ಹತ್ತರಲ್ಲೊಂದು ಪಾಲು ದಾರಿಯಲ್ಲೇ ನಷ್ಟ. 12 ವೋಲ್ಟಿನಲ್ಲಿ ನಷ್ಟ ಸುಮಾರು 0.3 ವೋಲ್ಟ್, ಎಂದರೆ ನಲವತ್ತರಲ್ಲೊಂದು ಪಾಲು. ಅಮೆರಿಕದ ಕಾರು ತಯಾರಕರು 1950ರ ದಶಕದ ನಡುವೆ 12 ವೋಲ್ಟಿಗೆ ಹೊರಳಿದ್ದರ ಹಿಂದೆಯೂ ಈ ಲೆಕ್ಕವಿತ್ತು. ಇಂದು ಅನೇಕರು ತಮ್ಮ ಜಾವಾಗಳಿಗೂ ಹಾಗೆಯೇ ಮಾಡಿಸುತ್ತಾರೆ. ಆಗ ಡೈನಮೊ, ಕಾಯಿಲ್, ಹಾರ್ನ್, ಬಲ್ಬುಗಳೆಲ್ಲವೂ ಬದಲಾಗಬೇಕು.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಒಂದು ಗಂಭೀರ ಪ್ರಶ್ನೆ ಎದುರಾಗುತ್ತದೆ. ಹೀಗೆ ಬದಲಾಯಿಸಿದ ಗಾಡಿ ಹಳೆಯದೇ, ಹೊಸದೇ? ಜೀರ್ಣ ದೇವಾಲಯಕ್ಕೆ ಸಿಮೆಂಟ್ ಮೆತ್ತಿದಾಗ ಕೇಳುವ ಪ್ರಶ್ನೆಯೂ ಇದೇ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಗಣನೀಯ ಮಾರ್ಪಾಡು ಕಾಣದ ವಾಹನಗಳಿಗೆ ಅದರಲ್ಲಿ 'ವಿಎ' ಎಂಬ ಪ್ರತ್ಯೇಕ ನೋಂದಣಿ ಸರಣಿಯಿದೆ. ಆದರೆ ಅವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೊದಲ ಜಾವಾಗಳಿಗೆ 2011ರಲ್ಲೇ 50 ತುಂಬಿತು. ಮೊದಲ ರೋಡ್‌ಕಿಂಗ್‌ಗಳಿಗೆ ತುಂಬುವುದು 2028ರಲ್ಲಿ. ಮೂಲ ರೂಪ ಉಳಿಸಿದರೆ ರಾತ್ರಿ ದೀಪ ಮಂಕು, ದೀಪ ಬೆಳಗಿಸಿದರೆ ಮೂಲ ರೂಪಕ್ಕೆ ಕುಂದು. ಇವೆರಡರ ನಡುವೆ ಒಂದು ದಾರಿಯಿದೆ. ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಇಟ್ಟುಕೊಂಡರೆ, ಬೇಕೆಂದಾಗ ಹಿಂದಿನ ರೂಪಕ್ಕೆ ತರಬಹುದು.

1985ರಲ್ಲಿ ಬಂದ ಹೀರೋ ಹೋಂಡಾದಂಥ ಕಡಿಮೆ ಪೆಟ್ರೋಲ್ ಕುಡಿಯುವ ಗಾಡಿಗಳು, ಬಿಗಿಯಾದ ಹೊಗೆ ನಿಯಮಗಳು, ಕಾರ್ಮಿಕ ಬಿಕ್ಕಟ್ಟು ಇವೆಲ್ಲವುಗಳ ನಡುವೆ ಮೈಸೂರಿನ ಕಾರ್ಖಾನೆ ನಿಂತುಹೋಯಿತು. ಅಲ್ಲಿಯೇ ದುಡಿದು ಬದುಕುತ್ತಿದ್ದ ಕುಟುಂಬಗಳು ಬೇರೆ ದಾರಿ ಹುಡುಕಬೇಕಾಯಿತು. ಜಾವಾ ಹೆಸರು 2018ರಲ್ಲಿ ಮರಳಿ ಬಂದಿತಾದರೂ ಹೊಸ ಗಾಡಿ ಫೋರ್ ಸ್ಟ್ರೋಕ್; ಅದರ ಎಂಜಿನ್ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಬಿಡಿಭಾಗ ಹುಡುಕುವವರು ಇಂದಿಗೂ ಜೆ.ಸಿ. ರಸ್ತೆಗೆ ಹೋಗುತ್ತಾರೆ. ಜೆ.ಸಿ. ಎಂದರೆ ಜಯಚಾಮರಾಜೇಂದ್ರ, ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದ ಅದೇ ಒಡೆಯರು.

ಭಾಗಗಳಿಗಿಂತ ಬೇಗ ಕಣ್ಮರೆಯಾಗುವುದು ತಿಳಿವಳಿಕೆ. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಬೇಕು, ಪಾಯಿಂಟ್‌ಗಳ ನಡುವೆ ಎಷ್ಟು ಸಂದು ಬಿಡಬೇಕು ಎಂಬುದನ್ನು ಸದ್ದು ಕೇಳಿಯೇ ಹೇಳಬಲ್ಲ ಹಿರಿಯ ಮೆಕ್ಯಾನಿಕ್ಕುಗಳಲ್ಲಿ ಬಹಳ ಮಂದಿ ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಆ ಕೆಲಸ ನಿಮ್ಮಿಂದಾಗಬಹುದು. ನಿಮ್ಮ ಬಡಾವಣೆಯಲ್ಲಿ ಅಂಥವರಿದ್ದರೆ ಒಂದು ನೋಟ್‌ಬುಕ್ ಹಿಡಿದು ಹೋಗಿ. ಹಳೆಯ ತಂತಿಯನ್ನು ಕತ್ತರಿಸುವ ಮುನ್ನ ಅದರ ನಕ್ಷೆ ಬರೆದುಕೊಳ್ಳಿ, ಕೆಲಸ ಎಲ್ಲಿ ಕಲಿತಿರಿ, ಯಾರಿಂದ ಕಲಿತಿರಿ ಎಂದು ಅವರನ್ನು ವಿನಯದಿಂದ ಕೇಳಿ. ದಿನಾಂಕ, ಸ್ಥಳಗಳೊಡನೆ ಬರೆದಿಟ್ಟ ಆ ಪುಟಗಳು, ಮುಂದೆ ಈ ನಗರದ ಚರಿತ್ರೆ ಬರೆಯುವವರಿಗೆ ಆಕರವಾಗುತ್ತವೆ.