ಕಪ್ಲಿಂಗಿನ ಮೇಲೆ ಹೊರಿಸಿದ ಅಪವಾದ

ಮನೆಯಲ್ಲೇ ಸಿಎನ್‌ಸಿ ಯಂತ್ರ ಕಟ್ಟಿಕೊಳ್ಳುವವರ ನಡುವೆ ಈಗ ಒಂದು ಮಾತು ಮಂತ್ರದಂತೆ ಓಡಾಡುತ್ತಿದೆ: ‘ಸ್ಪ್ರಿಂಗ್ ಕಪ್ಲಿಂಗ್ ಕಿತ್ತುಹಾಕಿ, ಜಾ ಕಪ್ಲಿಂಗ್ ಹಾಕಿ, ಎಲ್ಲ ಸರಿಹೋಗುತ್ತೆ.’ ಟೇಬಲ್ಲಿನಲ್ಲಿ ಸ್ವಲ್ಪ ಪ್ಲೇ, ಅಂದರೆ ಸಡಿಲಾಟ, ಕಂಡರೂ ಬೈಗುಳ ಬೀಳುವುದು ಮೋಟಾರಿಗೂ ಸ್ಕ್ರೂಗೂ ನಡುವಿನ ಆ ಅಲ್ಯೂಮಿನಿಯಂ ತುಂಡಿಗೆ. ಈ ಜೋಡಣೆ ನಡೆದುಬಂದ ದಾರಿಯನ್ನು ನೋಡಿದರೆ ಅಪವಾದ ಬೇರೆಯವರ ಪಾಲಿನದು.

ಹಳೆಯ ಕಥೆ ಚಿಕ್ಕದು. ಒಂದೇ ಗೆರೆಯಲ್ಲಿಲ್ಲದ ಎರಡು ಸಮಾಂತರ ಶಾಫ್ಟುಗಳನ್ನು ಕೂಡಿಸುವ ಕಪ್ಲಿಂಗನ್ನು ಜಾನ್ ಓಲ್ಡಮ್ 1821ರಲ್ಲೇ ರೂಪಿಸಿದ್ದ. ಅಂಕಿಗಳ ಆಣತಿಯಂತೆ ಓಡುವ ಮಿಲ್ಲಿಂಗ್ ಯಂತ್ರವನ್ನು ಎಂಐಟಿ 1952ರಲ್ಲಿ ತೋರಿಸಿತು. ಮರುವರ್ಷ ಬೆಂಗಳೂರಿನಲ್ಲಿ ಎಚ್‌ಎಂಟಿ, 1962ರಲ್ಲಿ ಯಂತ್ರೋಪಕರಣ ಸಂಶೋಧನೆಯ ಸಂಸ್ಥೆ ಸಿಎಂಟಿಐ ಹುಟ್ಟಿದವು. 1982ರಲ್ಲಿ ಸಿಎಂಟಿಐ ಹೊರತಂದ ಯಂತ್ರವಿನ್ಯಾಸದ ಕೈಪಿಡಿಯನ್ನು ಮೀರಿಸುವ ಪುಸ್ತಕ ನಮ್ಮಲ್ಲಿ ಬಂದಿಲ್ಲ. ಆದರೆ ಅದು ಕಾರ್ಖಾನೆಯ ಯಂತ್ರಕ್ಕೆ ಬರೆದದ್ದು.

ನಮ್ಮ ಸೀಮೆಯ ಕಥೆ ಹೊಸೂರಿನಿಂದ ಶುರು. 1965ರವರೆಗೆ ಸೇಲಂ ಜಿಲ್ಲೆ, ಆಮೇಲೆ 2004ರವರೆಗೆ ಧರ್ಮಪುರಿ ಜಿಲ್ಲೆ, ಈಗ ಕೃಷ್ಣಗಿರಿ. ಊರು ಮಾತ್ರ ಇದ್ದಲ್ಲೇ ಇದೆ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬಂದ ಮೇಲೆ ಸುತ್ತ ಲೇತ್ ಅಂಗಡಿಗಳು ಹುಟ್ಟಿಕೊಂಡವು. ಕನ್ನಡ, ತಮಿಳು, ತೆಲುಗು ಮೂರನ್ನೂ ಬೆರೆಸಿ ಮಾತಾಡುವ ಟರ್ನರು, ಫಿಟ್ಟರುಗಳ ತಲೆಮಾರು ನಮ್ಮದು. ಗುಜರಿಯಲ್ಲಿ ಬಾಲ್ ಸ್ಕ್ರೂ ಸಿಕ್ಕರೆ ಮೊದಲು ಅದರ ತುದಿಯ ಬೇರಿಂಗ್ ನೋಡುವುದು ನಮಗೆ ಅಭ್ಯಾಸ.

2005ರ 3ಡಿ ಮುದ್ರಕದ ರೆಪ್‌ರ‍್ಯಾಪ್ ಯೋಜನೆ, 2009ರ ಜಿಆರ್‌ಬಿಎಲ್ ಎಂಬ ಯಂತ್ರ ನಡೆಸುವ ತಂತ್ರಾಂಶ ಬಂದ ಮೇಲೆ ಯಂತ್ರ ಮನೆಯ ಪಡಸಾಲೆಗೂ ಬಂತು. ಮೊದಮೊದಲು ರಬ್ಬರ್ ಪೈಪಿನ ತುಂಡು, ಎರಡು ಕ್ಲಿಪ್ಪು, ಅಷ್ಟೇ ಜೋಡಣೆ. ಆಮೇಲೆ ಒಂದು ಕಡೆ 5 ಮಿ.ಮೀ., ಇನ್ನೊಂದು ಕಡೆ 8 ಮಿ.ಮೀ. ತೂತಿನ ಸ್ಪ್ರಿಂಗ್ ಕಪ್ಲಿಂಗ್. 16 ಮಿ.ಮೀ. ದಪ್ಪದ, ಸುತ್ತಿಗೆ 5 ಮಿ.ಮೀ. ಸಾಗುವ 1605 ಬಾಲ್ ಸ್ಕ್ರೂ ಅಗ್ಗವಾದಾಗ ಜಾ ಕಪ್ಲಿಂಗ್ ಫ್ಯಾಷನ್ ಆಯಿತು.

ಲೆಕ್ಕ ಹಾಕಿ. ಕಪ್ಲಿಂಗ್ ಪೂರ್ತಿ ಒಂದು ಡಿಗ್ರಿ ತಿರುಚಿಕೊಂಡರೂ ಟೇಬಲ್ ತಪ್ಪುವುದು 5ನ್ನು 360ರಿಂದ ಭಾಗಿಸಿದಷ್ಟು, ಸುಮಾರು 14 ಮೈಕ್ರಾನ್. ಸ್ಕ್ರೂ ಉದ್ದಕ್ಕೆ 50 ಮೈಕ್ರಾನ್ ಜರುಗಿದರೆ ಆ ಐವತ್ತೂ ಕೆಲಸದ ಮೇಲೆ ಬೀಳುತ್ತದೆ. ತಳ್ಳು-ಎಳೆತ ತಡೆಯುವ ಬೇರಿಂಗ್ ಇಲ್ಲದ ಯಂತ್ರದಲ್ಲಿ ಸ್ಕ್ರೂವನ್ನು ಹಿಡಿದಿರುವುದು ಮೋಟಾರಿನ ಒಳಗಿನ ಪುಟ್ಟ ಬೇರಿಂಗ್. ನಡುವಿನ ಸ್ಪ್ರಿಂಗ್ ಕಪ್ಲಿಂಗ್ ಹಿಗ್ಗಿ ಕುಗ್ಗುತ್ತದೆ. ಸ್ಕ್ರೂವನ್ನು ಉದ್ದಕ್ಕೆ ಹಿಡಿದಿಡುವ ಕೆಲಸವನ್ನು ಅದಕ್ಕೆ ಹೇಳಿದವರು ಯಾರು?

ಪರೀಕ್ಷೆ ಸುಲಭ. ಸ್ಕ್ರೂ ತುದಿಯ ಸೆಂಟರ್ ತೂತಿಗೆ ಗ್ರೀಸ್ ಹಚ್ಚಿ ಒಂದು ಉಕ್ಕಿನ ಗೋಲಿ ಅಂಟಿಸಿ, ಡಯಲ್ ಗೇಜಿನ ಮೂತಿಯನ್ನು ಅದರ ಮೇಲಿಡಿ. ಟೇಬಲ್ಲನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಳ್ಳಿ. ಮುಳ್ಳು ಅಲುಗಿದರೆ ಬೇರಿಂಗ್ ನೋಡಿ. ಇನ್ನು ಕಪ್ಲಿಂಗ್, ಶಾಫ್ಟು ಎರಡಕ್ಕೂ ತಾಗುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ದಿನದ ಕೆಲಸ ಮುಗಿದಾಗ ಗೆರೆ ತುಂಡಾಗಿ ಸರಿದಿದ್ದರೆ ಕಪ್ಲಿಂಗನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಜಾರಿದೆ. ಹೊಸ ಕಪ್ಲಿಂಗ್ ಕೊಳ್ಳುವುದು ಇವೆರಡೂ ಆದ ಮೇಲಿನ ಮಾತು.

ಕಪ್ಲಿಂಗ್ ಬಿಟ್ಟು ಬೆಲ್ಟ್ ಹಾಕುವವರ ಪಂಥದ ಕಡೆ ನನ್ನ ಒಲವು ಇರುವುದೂ ಬೇರಿಂಗಿನ ಇದೇ ಕಾರಣಕ್ಕೆ. ಮೋಟಾರನ್ನು ಪಕ್ಕಕ್ಕೆ ಮಡಚಿ ಟೈಮಿಂಗ್ ಬೆಲ್ಟ್ ಹಾಕಿದರೆ ಯಂತ್ರದ ಉದ್ದ ಉಳಿಯುತ್ತದೆ, ಅದುರಾಟ ಸ್ವಲ್ಪ ತಗ್ಗುತ್ತದೆ. ಮೋಟಾರಿಗೆ 20 ಹಲ್ಲು, ಸ್ಕ್ರೂಗೆ 40 ಹಲ್ಲಿನ ಪುಲ್ಲಿ ಹಾಕಿದರೆ ಬಲ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. 200 ಸ್ಟೆಪ್ಪಿನ ಮೋಟಾರು ಒಂದು ಸ್ಟೆಪ್ಪಿಗೆ ಟೇಬಲ್ಲನ್ನು ಹನ್ನೆರಡೂವರೆ ಮೈಕ್ರಾನ್ ಸರಿಸುತ್ತದೆ. ಬೆಲ್ಟ್ ಹಿಗ್ಗುತ್ತದೆ ಎನ್ನುವವರು 6 ಮಿ.ಮೀ. ಅಗಲದ ಬೆಲ್ಟ್ ಬಿಟ್ಟು 15 ಮಿ.ಮೀ. ಹಾಕಿ ನೋಡಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಬೆಲ್ಟಿಗೆ ಸ್ಕ್ರೂವನ್ನು ಉದ್ದಕ್ಕೆ ಹಿಡಿದಿಡಲು ಬರುವುದೇ ಇಲ್ಲ. ಹಾಗಾಗಿ ಬೆಲ್ಟ್ ಹಾಕಿದವನು ತಳ್ಳು-ಎಳೆತ ತಡೆಯುವ ಜೋಡಿ ಆ್ಯಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗಿನ ಖರ್ಚು ತಪ್ಪಿಸಿಕೊಳ್ಳಲಾರ. ಬೆಲ್ಟ್ ಯಂತ್ರಗಳು ಚೆನ್ನಾಗಿ ಓಡುವುದರ ಗುಟ್ಟಿನಲ್ಲಿ ಅರ್ಧ ಪಾಲು ಇಲ್ಲಿದೆ.

ಸೇಲಂನ ಪವರ್‌ಲೂಮ್ ಶೆಡ್ಡುಗಳಲ್ಲಿ ಬೆಲ್ಟಿನ ಈ ವಿವೇಕ ಹಳೆಯದು. ಕನ್ನಡ ಮನೆಮಾತಿನ ದೇವಾಂಗ ನೇಕಾರರಿರುವ ಊರದು. ಮೋಟಾರಿನ ತಿರುವು ಬೆಲ್ಟಿನಲ್ಲಿ ಕ್ರ್ಯಾಂಕ್ ಶಾಫ್ಟಿಗೆ, ಅಲ್ಲಿಂದ ಗೇರಿನಲ್ಲಿ ಅರ್ಧ ವೇಗದ ಕೆಳಶಾಫ್ಟಿಗೆ ಹೋಗುವುದು ಮಗ್ಗದ ಮೇಸ್ತ್ರಿಗೆ ಬೆರಳ ತುದಿಯಲ್ಲಿರುವ ವಿದ್ಯೆ. ಮನೆ ಸಿಎನ್‌ಸಿಯವರು ಅವರನ್ನು ಕೇಳಿದ್ದು ಕಡಿಮೆ.

ಇನ್ನೂ ಆಗದ ಕೆಲಸ ಎರಡಿವೆ. ಅಗ್ಗದ ಕಪ್ಲಿಂಗ್ ಮಾರುವವರು ತೂತಿನ ಅಳತೆ, ಉದ್ದ, ಹೊರವ್ಯಾಸ ಹೇಳುತ್ತಾರೆ. ಇಷ್ಟು ಬಲಕ್ಕೆ ಎಷ್ಟು ತಿರುಚುತ್ತದೆ ಎಂದು ಹೇಳುವುದಿಲ್ಲ. ಕೊಳ್ಳುವವರೂ ಕೇಳುವುದಿಲ್ಲ. ಎರಡನೆಯದು, ನಮ್ಮ ಹುಡುಗರಿಗೆ ಯಂತ್ರ ಜೋಡಿಸುವುದನ್ನು ಕಲಿಸುವವರಿದ್ದಾರೆ, ಜೋಡಿಸಿದ್ದನ್ನು ಅಳೆಯಲು ಕಲಿಸುವವರು ವಿರಳ. ಐಟಿಐ ಮುಗಿಸುವ ಮೊದಲು ಪ್ಲೇ ಇರುವ ಒಂದು ಟೇಬಲ್, ಒಂದು ಡಯಲ್ ಗೇಜು ಕೊಟ್ಟು ದೋಷ ಎಲ್ಲಿದೆ ಹುಡುಕು ಎಂದರೆ ಸಾಕು. ಹುಡುಕಿದವನು ಕಪ್ಲಿಂಗಿಗೆ ಸುಮ್ಮನೆ ದುಡ್ಡು ಸುರಿಯುವುದಿಲ್ಲ.