ಕ್ರೇನ್ ಕಾನೂನಿನ ಕಥೆ, ಭಾಗ 3: ಮೋಲ್ಡ್ ಲಿಫ್ಟ್ ಯಾಕೆ ಲೆಕ್ಕಕ್ಕಿಲ್ಲ?

ಎಕ್ಸ್‌ಪ್ರೆಸ್‌ವೇ ಕಟ್ಟುವಾಗ ಮದ್ದೂರಲ್ಲಿ ದೊಡ್ಡ ದೊಡ್ಡ ಕ್ರೇನ್ ನೋಡಿರ್ತೀರಿ. ಅವಕ್ಕೆ ಕಾನೂನು ಸುಮ್ಮನೆ ಬಂದಿದ್ದಲ್ಲ ಕಣ್ರೋ.

ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಕಾನೂನು ಬೇಕು ಅಂತ 1985ರಲ್ಲಿ ರಾಷ್ಟ್ರಮಟ್ಟದ ಚಳವಳಿ ಶುರುವಾಯ್ತು. ನಿವೃತ್ತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕಾರ್ಮಿಕ ಸಂಘಟನೆಗಳ ಜೊತೆ ನಿಂತರು. ಕಾಯ್ದೆ ಆಗಿದ್ದು 1996ರಲ್ಲಿ. ಹನ್ನೊಂದು ವರ್ಷ! 1998ರ ಕೇಂದ್ರ ನಿಯಮ ಹೇಳಿದ್ದಿಷ್ಟು: ಎತ್ತುವ ಯಂತ್ರವನ್ನ ಬಳಸೋಕೆ ಮೊದಲು ಪರೀಕ್ಷೆ ಮಾಡಬೇಕು, ಆಮೇಲೆ 5 ವರ್ಷಕ್ಕೊಮ್ಮೆಯಾದ್ರೂ ಮಾಡಬೇಕು. ಕರ್ನಾಟಕದ ನಿಯಮ ಬಂದಿದ್ದು 2006ರಲ್ಲಿ.

ಈಗ ನಮ್ಮ ಬೀದಿಗೆ ಬನ್ನಿ. ಮೋಲ್ಡ್ ದಿನ ಕಾಂಕ್ರೀಟ್ ಎತ್ತೋಕೆ ಬಾಡಿಗೆ ಲಿಫ್ಟ್ ಬರುತ್ತಲ್ಲ, ಅದೂ ಎತ್ತುವ ಯಂತ್ರವೇ. ಆದ್ರೆ 10ಕ್ಕಿಂತ ಕಡಿಮೆ ಆಳಿದ್ರೆ 1996ರ ಕಾಯ್ದೆ ಅನ್ವಯಿಸ್ತಿರಲಿಲ್ಲ. ಸ್ವಂತ ಮನೆಗೆ 10 ಲಕ್ಷ ರೂಪಾಯಿವರೆಗೆ ವಿನಾಯ್ತಿ ಬೇರೆ ಇತ್ತು. 2020ರ ಹೊಸ ಸಂಹಿತೆ ಆ ಮಿತಿಯನ್ನ 50 ಲಕ್ಷಕ್ಕೆ ಏರಿಸಿತು. ಮಂಡ್ಯ, ಮಳವಳ್ಳಿ ಕಡೆ 50 ಲಕ್ಷ ದಾಟೋ ಮನೆ ಎಷ್ಟಿವೆ? ಕಾಮರ್ಸ್ ಓದ್ತಿದ್ದೀರಲ್ಲ, ನೀವೇ ಲೆಕ್ಕ ಹಾಕಿ.

ಹಗ್ಗ ಕಿತ್ತು ಬಂದ್ರೆ ಕೆಳಗೆ ಬಾಂಡ್ಲಿ ಹಿಡಿದು ನಿಂತೋರಿಗೆ ಮನೆ 10 ಲಕ್ಷದ್ದಾದ್ರೇನು, ಕೋಟಿದಾದ್ರೇನು? ವಿನಾಯ್ತಿ ಮನೆಗೆ ಇರಲಿ, ಯಂತ್ರಕ್ಕೆ ಬೇಡ. ಬಾಡಿಗೆಗೆ ಬರೋ ಪ್ರತಿ ಲಿಫ್ಟ್‌ಗೂ ಪರೀಕ್ಷೆ ಪತ್ರ ಕಡ್ಡಾಯ ಆಗಲಿ. ನಾವು ಕೇಳಬೇಕಾದ್ದು ಇದನ್ನೇ.

ನಿಮ್ಮ ಬೀದೀಲಿ ಮೋಲ್ಡ್ ಯಾವಾಗ? ಅವತ್ತು ಪತ್ರ ಕೇಳಿ ನೋಡಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಕಟ್ಟಡಕಾರ್ಮಿಕರು