ಕಸೂತಿಯ ಹಿಂಬದಿ: ಒಂದು ಚಾರಿತ್ರಿಕ ಟಿಪ್ಪಣಿ

ಧಾರವಾಡ ಸೀಮೆಯ ಕಸೂತಿಯನ್ನು ಕುರಿತ ಬರವಣಿಗೆಗಳು ಬಹುಮಟ್ಟಿಗೆ ಮೂರು ಮಾತುಗಳಿಂದ ಪ್ರಾರಂಭವಾಗುತ್ತವೆ: ಇದು ಚಾಳುಕ್ಯರ ಕಾಲದ್ದು, ವಿಜಯನಗರದ ಅರಮನೆಯಲ್ಲಿ ಬೆಳೆದದ್ದು, ಅರುವತ್ತುನಾಲ್ಕು ವಿದ್ಯೆಗಳಲ್ಲಿ ಒಂದು. ನಾವೂ ಬಹುಕಾಲ ಇವನ್ನೇ ತರಗತಿಯಲ್ಲಿ ಹೇಳುತ್ತ ಬಂದವರು. ಈಗ ಈ ಮಾತುಗಳನ್ನು ಆಧಾರಗಳೊಡನೆ ಹೋಲಿಸಿ ನೋಡುವುದು ಅವಶ್ಯವೆನಿಸಿದೆ.

ವಾತ್ಸ್ಯಾಯನನ ಕಲೆಗಳ ಪಟ್ಟಿಯಲ್ಲಿ ಸೂಜಿಯ ಕೆಲಸ ಸೇರಿದೆ, ನಿಜ. ಆದರೆ ಅಲ್ಲಿ ಹೇಳಿರುವುದು ಹೊಲಿಗೆಯ ಒಟ್ಟು ಕೌಶಲವನ್ನೇ ಹೊರತು ಒಂದು ನಾಡಿನ ಒಂದು ಬಗೆಯ ಹೆಣಿಗೆಯನ್ನಲ್ಲ. ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ವಸ್ತ್ರಭೋಗಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಅಲ್ಲಿ ಚಿತ್ರವಿಚಿತ್ರ ವಸ್ತ್ರಗಳ ವರ್ಣನೆ ಬಂದೊಡನೆ ಅದನ್ನು ಕಸೂತಿಯೆಂದು ಗ್ರಹಿಸುವುದು ಆತುರವಾದೀತು. ಬಟ್ಟೆಯ ಮೇಲಿನ ಚಿತ್ರ ಮಗ್ಗದಲ್ಲಿ ಮೂಡಿರಬಹುದು, ಅಚ್ಚಿನಿಂದ ಬಿದ್ದಿರಬಹುದು, ಕುಂಚದಿಂದ ಬರೆದದ್ದೂ ಆಗಿರಬಹುದು. ಶಿಲ್ಪಗಳಲ್ಲಿ ಕಾಣುವ ಉಡುಗೆಯ ವಿನ್ಯಾಸಗಳಿಗೂ ಇದೇ ಮಾತು ಸಲ್ಲುತ್ತದೆ. ಕಲ್ಲು ವಿನ್ಯಾಸವನ್ನು ತೋರಿಸುತ್ತದೆ. ಅದು ಮಗ್ಗದ್ದೋ ಸೂಜಿಯದೋ ಎಂಬುದನ್ನು ತೋರಿಸುವುದಿಲ್ಲ.

ಹಾಗಾದರೆ ಈ ಮೌನಕ್ಕೆ ಕಾರಣವೇನು? ನಮ್ಮ ಶಾಸನಗಳು ಹಣ ಓಡಾಡಿದ ಕಡೆ ಕಣ್ಣಿಟ್ಟ ದಾಖಲೆಗಳು. ಮಗ್ಗಕ್ಕೆ ತೆರಿಗೆಯಿತ್ತು, ಆದ್ದರಿಂದ ಮಗ್ಗದೆರೆಯ ಉಲ್ಲೇಖ ಉಳಿದಿದೆ. ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ. ಸೂಜಿಯನ್ನೇ ಹೆಸರಿಗೆ ಅಂಟಿಸಿಕೊಂಡ ಈ ವಚನಕಾರನ ಹೊಲಿಗೆ ಜೀವನೋಪಾಯದ ಕಾಯಕವಾಗಿತ್ತು. ಮನೆಯ ಪಡಸಾಲೆಯಲ್ಲಿ ಕುಳಿತು ಮಗಳ ಮದುವೆಗೆಂದು ಚಂದ್ರಕಾಳಿ ಸೀರೆಗೆ ತೇರು, ಅಂಬಾರಿ ತುಂಬಿದ ಹೆಂಗಸಿನ ದುಡಿಮೆಗಾದರೋ ಕೂಲಿಯಿಲ್ಲ, ಶ್ರೇಣಿಯಿಲ್ಲ, ಸುಂಕವಿಲ್ಲ. ಅದು ಕಲ್ಲಿನ ಮೇಲೆ ಬಂದಿಲ್ಲ. ಅರಮನೆಯ ಪೋಷಣೆಯ ಕಥೆಯನ್ನು ಮುಂದೊಡ್ಡಿದಷ್ಟೂ ಈ ದುಡಿಮೆ ಮರೆಯಾಗುತ್ತದೆಂಬುದೇ ನಮ್ಮ ತಕರಾರು.

ಉಳಿದಿರುವ ಆಧಾರಗಳು ಎರಡು: ಬಟ್ಟೆ ಮತ್ತು ಮಾತು. ಇದನ್ನು ನಮಗೆ ಕಲಿಸಿದವರು ಸೊಲ್ಲಾಪುರದಲ್ಲಿ ನೆಲೆಸಿದ ಒಂದು ಕನ್ನಡ ಮನೆಯ ವೃದ್ಧೆ. ಪೆಟ್ಟಿಗೆಯಿಂದ ತೆಗೆದ ಇಳಕಲ್ಲ ಸೀರೆಯ ಗೋಪುರ, ತುಳಸಿ ಕಟ್ಟೆಗಳನ್ನು ನಾವು ಮೆಚ್ಚಿ ನೋಡುತ್ತಿರುವಾಗ ಆಕೆ, "ಮದ್ಲ ತಿರುವಿ ನೋಡ್ರಿ ಮಾಸ್ತರ" ಎಂದರು. ತಿರುವಿದೆವು. ಹಿಂಬದಿಯಲ್ಲಿಯೂ ಅದೇ ಗೋಪುರ, ಅದೇ ಕಟ್ಟೆ. ಎಲ್ಲಿಯೂ ಒಂದು ಗಂಟಿಲ್ಲ.

ಗವಂತಿ ಎಂಬ ಹೊಲಿಗೆಯ ರಹಸ್ಯ ಇದು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ ಸೂಜಿ ಹಾಕಬೇಕು. ಸೂಜಿ ಹೋಗುವಾಗ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಮರಳಿ ಬರುವಾಗ ಬಿಟ್ಟ ತೆರಪುಗಳನ್ನು ತುಂಬುತ್ತದೆ. ಹೀಗೆ ಪ್ರತಿಯೊಂದು ಗೆರೆಯೂ ಎರಡು ಸಲ, ಮುಂದೊಮ್ಮೆ ಹಿಂದೊಮ್ಮೆ, ನಡೆದು ಮುಗಿಯುತ್ತದೆ. ಕವಲು ಬಂದ ಕಡೆ ಯಾವ ದಾರಿಯನ್ನು ಮೊದಲು ಹಿಡಿಯಬೇಕು, ಯಾವುದನ್ನು ಮರಳುವಾಗ ಮುಗಿಸಬೇಕು ಎಂಬ ನಕ್ಷೆ ಹೊಲಿಯುವವಳ ಮನಸ್ಸಿನಲ್ಲಿರಬೇಕು. ಒಂದು ಎಳೆ ತಪ್ಪಿದರೆ ತಪ್ಪು ಅಲ್ಲಿಯೇ ನಿಲ್ಲುವುದಿಲ್ಲ. ಕೊನೆಗೆ ಗೆರೆ ಕೂಡುವುದಿಲ್ಲ, ಬಿಚ್ಚಲೇಬೇಕು. ಬಿಡಿಯಾಗದೆ ಒಂದಕ್ಕೊಂದು ಕೂಡಿದ ಯಾವ ರೇಖಾಚಿತ್ರವನ್ನಾದರೂ ಹೀಗೆ ಎರಡು ಮೈಯಲ್ಲಿಯೂ ಸಮನಾಗಿ ಹೊಲಿಯಲು ಸಾಧ್ಯವೆಂದು ಗಣಿತದವರು ಸಾಧಿಸಿ ತೋರಿಸಿದ್ದಾರೆ. ಆ ವೃದ್ಧೆಗೆ ಇದನ್ನು ಹೇಳಿದಾಗ ಆಕೆ ನಕ್ಕರು. ಸೂಜಿ ಹೊರಟ ರಂಧ್ರಕ್ಕೇ ದಾರ ಮರಳಿ ಬಂದ ಗಳಿಗೆಯ ಸಂತೋಷವನ್ನು ಆಕೆ ಹೇಳಿದ್ದು ಒಂದೇ ಪದದಲ್ಲಿ: "ಕೂಡ್ತು".

ಉಳಿದ ಹೊಲಿಗೆಗಳ ಹೆಸರುಗಳೂ ಗಮನಾರ್ಹ. ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಮುರಗಿಗೆ ಮುರಿ, ಮುರುಗು ಎಂಬ ಧಾತುಗಳ ನಂಟು ಸಹಜವಾಗಿ ತೋರುತ್ತದೆ. ನೇಯ್ಗೆ ಮಗ್ಗದ ಕೆಲಸವನ್ನು ಸೂಜಿಯಲ್ಲಿ ಅನುಕರಿಸುತ್ತದೆ. ಅದರ ಮುಂಬದಿ ಹಿಂಬದಿ ಬೇರೆ ಬೇರೆ. ಮೆಂತಿ ಎಂಬುದು ಅಡ್ಡಡ್ಡ ದಾಟುವ ಹೊಲಿಗೆ. ಶಾಲೆಯ ಹೊಲಿಗೆ ತರಗತಿಗಳಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಕಲಿಸುವ ಕ್ರಾಸ್ ಸ್ಟಿಚ್ ಇದೇ. ಇಂಗ್ಲಿಷಿನ ಹೆಸರು ಕೈಯ ಚಲನೆಯನ್ನು ಹೇಳಿದರೆ ಕನ್ನಡದ ಹೆಸರು ಅಡುಗೆಮನೆಯ ಮೆಂತೆಕಾಳನ್ನು ನೆನೆಯುತ್ತದೆ. ಗವಂತಿಯನ್ನು ಗಂಟು ಶಬ್ದದಿಂದ ಸಾಧಿಸುವವರಿದ್ದಾರೆ. ಗಂಟನ್ನೇ ನಿಷೇಧಿಸಿದ ಹೊಲಿಗೆಗೆ ಗಂಟಿನ ಹೆಸರೇ? ಈ ವ್ಯುತ್ಪತ್ತಿ ನಮಗೆ ಒಪ್ಪಿಗೆಯಿಲ್ಲ.

ಕಸೂತಿ ಎಂಬ ಪದವನ್ನು 'ಕೈ' ಮತ್ತು 'ಸೂತಿ' ಎಂದು ಬಿಡಿಸುವುದು ರೂಢಿ. ಕಿವಿಗೆ ಇಂಪಾದರೂ ಇದು ಕನ್ನಡದ ಕೈಗೆ ಹಿಂದಿ, ಮರಾಠಿಗಳ ಸೂತಿಯನ್ನು ಕಟ್ಟುವ ಅರಿಸಮಾಸ. ಮರಾಠಿ, ಹಿಂದಿಗಳ 'ಕಶೀದಾ' ಇಲ್ಲಿ ನೆನಪಾಗಬೇಕು; ಅದರ ಮೂಲ ಎಳೆ ಎಂಬರ್ಥದ ಪಾರಸಿ ಧಾತು. ವಿಜಯಪುರದ ಆದಿಲಶಾಹಿಯ ನೆರಳಿನಲ್ಲಿ ಬೆಳೆದ ಪ್ರದೇಶದಲ್ಲಿ ಪಾರಸಿ ಮೂಲದ ಒಂದು ಪದ ಮನೆಮಾತಾದರೆ ಆಶ್ಚರ್ಯವಿಲ್ಲ. ಪದ ಹೊರಗಿನದಾದ ಮಾತ್ರಕ್ಕೆ ಕೆಲಸವೂ ಹೊರಗಿನದೆಂದು ಮಾತ್ರ ಯಾರೂ ತಿಳಿಯಬಾರದು.

ಇಂಥ ಅವಸರಕ್ಕೆ ಯುರೋಪಿನ ಒಂದು ಉದಾಹರಣೆಯನ್ನು ನೋಡಬಹುದು. ಹಾನ್ಸ್ ಹೋಲ್ಬೈನ್ ೧೫೩೬-೩೭ರ ಸುಮಾರಿಗೆ ಚಿತ್ರಿಸಿದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ತೋಳಿನ ಅಂಚಿನಲ್ಲಿ, ಬಿಳಿಯ ಬಟ್ಟೆಯ ಮೇಲೆ, ಎರಡು ಕಡೆಯೂ ಸಮನಾಗಿ ಕಾಣುವ ಕಪ್ಪು ಹೊಲಿಗೆಯಿದೆ. ಅಲ್ಲಿ ಆ ಹೊಲಿಗೆಗೆ ಚಿತ್ರಕಾರನ ಹೆಸರೇ ನಿಂತಿತು. ಅದು ನಮ್ಮ ಗವಂತಿಯೇ. ಯಾರಿಂದ ಯಾರು ಕಲಿತರೆಂದು ವಾದಿಸುವುದಕ್ಕಿಂತ, ಮಡಚುವ ಅಂಚು, ಹಾರುವ ಸೆರಗು ಎರಡಕ್ಕೂ ಹಿಂಬದಿ ಕಾಣುತ್ತದೆಂಬುದನ್ನು ಗಮನಿಸುವುದು ಮೇಲು. ಒಂದೇ ಅವಶ್ಯಕತೆ ಎರಡು ಕಡೆ ಒಂದೇ ಉಪಾಯವನ್ನು ಹುಟ್ಟಿಸಬಲ್ಲದು.

ಕಸೂತಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಎಳೆ ಎಣಿಸಲಾಗದ ನಯವಾದ ಬಟ್ಟೆಗಳ ಮೇಲೆ ಜಾಳಾದ ಬಟ್ಟೆಯೊಂದನ್ನು ಹಚ್ಚಿ, ಹೊಲಿದ ಮೇಲೆ ಅದರ ಎಳೆಗಳನ್ನು ಎಳೆದು ತೆಗೆಯುವ ಕ್ರಮವೂ ಬಂದಿದೆ. ಇದರಲ್ಲಿ ನಮಗೆ ಆಕ್ಷೇಪವಿಲ್ಲ. ಯಂತ್ರದ ಕಸೂತಿ ಮಾತ್ರ ಮುಂಬದಿಯನ್ನಷ್ಟೇ ಬಲ್ಲದು. ದುರ್ದೈವದಿಂದ ನಮ್ಮ ಪ್ರಕಟಣೆಗಳ ಛಾಯಾಚಿತ್ರಗಳೂ ಹಾಗೆಯೇ ಇವೆ. ಬಟ್ಟೆಯನ್ನು ಹಲಗೆಗೆ ಬಿಗಿದು ಗಾಜಿನೊಳಗಿಟ್ಟ ಪ್ರದರ್ಶನಗಳಲ್ಲಿ ಹಿಂಬದಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ೧೯೫೬ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಓದು, ನೌಕರಿ, ಮದುವೆಗಳ ನಿಮಿತ್ತ ಅಲ್ಲಿಂದ ಪುಣೆ, ಮುಂಬಯಿ, ಸೊಲ್ಲಾಪುರಗಳಿಗೆ ಬಂದ ಕುಟುಂಬಗಳ ಪೆಟ್ಟಿಗೆಗಳಲ್ಲಿ ಇಂಥ ಸೀರೆ, ಕುಪ್ಪಸ, ಕೂಸಿನ ಕುಂಚಿಗೆಗಳು ಇನ್ನೂ ಇವೆ. ಹೊರನಾಡಿನ ಸಂಶೋಧಕರು ಈ ಮನೆಗಳಿಗೆ ಹೋಗುವಾಗ ಎರಡೂ ಬದಿಯ ಚಿತ್ರ ತೆಗೆದುಕೊಳ್ಳಲಿ. ಹೊಲಿದವರ ಹೆಸರು, ಅವರ ತವರೂರು, ಹೊಲಿಗೆಗೆ ಅವರು ಹೇಳುವ ಶಬ್ದ, ಇವನ್ನು ತಿದ್ದದೆ ಅವರ ಉಚ್ಚಾರದಲ್ಲಿಯೇ ಬರೆದುಕೊಳ್ಳಲಿ. ಸೊಲ್ಲಾಪುರದ ಆ ಸೀರೆಯ ಸೆರಗಿನ ಬಳಿ ಅರ್ಧಕ್ಕೆ ನಿಂತ ಒಂದು ಆನೆಯಿದೆ. ಹೊಲಿದವರು ಆ ವೃದ್ಧೆಯ ತಾಯಿ. ಸೂಜಿ ಎತ್ತ ಹೊರಟಿತ್ತೆಂಬುದು ಹಿಂಬದಿಯಲ್ಲಿ ಈಗಲೂ ತಿಳಿಯುತ್ತದೆ.